ದಿನಾ ಬೆಳಿಗ್ಗೆ ಹೇಳುವ ಸುದ್ದಿ

ಪೋರ್ಟ್ ಲಿಂಕನ್
ಮಾರ್ಚ್ 4, 2009

ಪ್ರೀತಿಯ ಪೆರಿನಾ ಅತ್ತಿಗೆ,

ನಿನ್ನ ಕಿವಿಗೆ ಈಗ ಫೋನು ಸರಿಯಾಗಿ ಕೇಳಿಸುವುದಿಲ್ಲ ಎಂದು ಬರೆದಿದ್ದೆ. ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಈ ಸುದ್ದಿಯನ್ನು ಬಾಯಿಬಿಟ್ಟು ಹೇಳುವುದು ನನ್ನಿಂದಲೂ ಆಗುತ್ತಿರಲಿಲ್ಲ.

ಶಿಮೆಯವರಿಗೆ ಮರೆವಿನ ಕಾಯಿಲೆ. ಅಡಿಲೇಡಿನ ಡಾಕ್ಟರು ತಲೆಯ ಚಿತ್ರ ತೆಗೆಸಿದರು, ಗಡಿಯಾರದ ಚಿತ್ರ ಬರೆಯಿರಿ ಎಂದು ಕಾಗದ ಕೊಟ್ಟರು, ಕೊನೆಗೆ ಆಲ್ಝೈಮರ್ ಎಂದರು. ಇವರು ಬರೆದ ಗಡಿಯಾರದಲ್ಲಿ ಅಂಕಿಗಳೆಲ್ಲ ಒಂದೇ ಕಡೆಗೆ ಜಾರಿ, ಬಲೆಯ ಮೂಲೆಯಲ್ಲಿ ಸಾರ್ಡೀನ್ ಮೀನು ಗುಂಪುಗೂಡಿದ ಹಾಗಿತ್ತು. ಮೊನ್ನೆ ಕೊಯ್ದು ತೊಳೆದಿಟ್ಟ ಮೀನನ್ನು ಕೋಟಿನ ಜೇಬಿಗೆ ಹಾಕಿ ಬೀರುವಿನಲ್ಲಿ ನೇತುಹಾಕಿದ್ದರು. ನಾನು ನಕ್ಕೆ, ಅವರೂ ನಕ್ಕರು. ಆಮೇಲೆ, "ಅಮ್ಮ ಬರೋದು ಯಾವಾಗ?" ಎಂದು ನನ್ನನ್ನೇ ಕೇಳಿದರು.

ಗುಳಿಗೆ ಕಾಯಿಲೆಯನ್ನು ನಿಧಾನ ಮಾಡಬಹುದು, ವಾಸಿ ಮಾಡುವುದಿಲ್ಲವಂತೆ. ನಾನು ಅಷ್ಟಕ್ಕೆ ಬಿಡುವವಳಲ್ಲ. ಇಲ್ಲಿ ಡ್ಯಾರಿಲ್ ಕೂಂಬ್ ಎಂಬುವನಿದ್ದಾನೆ. ಆಳಕ್ಕಿಳಿದು ಸರಕ್ಕನೆ ಮೇಲೆ ಬಂದು ಕೈಕಾಲು ಹಿಡಿದುಕೊಂಡ ಮುಳುಗುಗಾರರನ್ನು ಒಂದು ಕಬ್ಬಿಣದ ಪೀಪಾಯಿಯಲ್ಲಿ ಮಲಗಿಸುತ್ತಿದ್ದರಲ್ಲ, ಅಂಥದೊಂದನ್ನು ತನ್ನ ಶೆಡ್ಡಿನಲ್ಲಿ ಇಟ್ಟುಕೊಂಡಿದ್ದಾನೆ. ರೋಗಿಯನ್ನು ಒಳಗೆ ಕೂರಿಸಿ, ಬಾಗಿಲು ಬಿಗಿದು, ಒತ್ತಡದಲ್ಲಿ ಆಮ್ಲಜನಕ ಬಿಟ್ಟರೆ ಸೊರಗಿದ ಮಿದುಳು ಮತ್ತೆ ಚಿಗುರುತ್ತದಂತೆ. ಅದಕ್ಕೆ ಪುರಾವೆಯಿಲ್ಲ ಎಂದು ಡಾಕ್ಟರು ಮುಖ ಸಿಂಡರಿಸಿದರು. ಪುರಾವೆ ಡಾಕ್ಟರಿಗೆ ಬೇಕು. ನನಗೆ ಗಂಡ ಬೇಕು.

ನಿನ್ನ ಚಿಕ್ಕಮ್ಮ ತಲೆಗೆ ಹಚ್ಚುತ್ತಿದ್ದ ರೋಸ್ಮರಿ ಎಣ್ಣೆ, ನಿಮ್ಮ ಕಡೆಯ ಮನುಕಾ ಜೇನು, ಇನ್ನು ಯಾರು ಏನು ಹೇಳಿದರೂ ಕಳಿಸು. ಎಲ್ಲವನ್ನೂ ಮಾಡಿ ನೋಡುತ್ತೇನೆ.

ನಿನ್ನ ನಾದಿನಿ,
ನೆವೆಂಕಾ


ಡಾರ್ಗವಿಲ್, ನ್ಯೂಜಿಲೆಂಡ್
ಮಾರ್ಚ್ 29, 2009

ಪ್ರೀತಿಯ ನೆವೆಂಕಾ,

ಪತ್ರ ಓದಿ ಹೊಲಕ್ಕೆ ಹೋದೆ. ಗೆಣಸು ಅಗೆಯುವ ಕಾಲ, ಕೆಲಸ ನಿಲ್ಲಿಸುವ ಹಾಗಿಲ್ಲ. ಆದರೆ ಸಾಲಿನ ನಡುವೆ ಕೂತು ಅತ್ತುಬಿಟ್ಟೆ. ಜೇನು, ಎಣ್ಣೆ ಎರಡನ್ನೂ ಕಳಿಸಿದ್ದೇನೆ. ಪಕ್ಕದ ಮನೆಯ ಹೆಂಗಸು ಬೆಳಿಗ್ಗೆ ಕೊಬ್ಬರಿ ಎಣ್ಣೆ ಕುಡಿಸು ಎನ್ನುತ್ತಾಳೆ. ಅವಳ ಭಾವನಿಗೆ ಅದರಿಂದ ಮಕ್ಕಳ ಹೆಸರು ಮತ್ತೆ ನೆನಪಾಯಿತಂತೆ.

ನಿನ್ನಂಥ ಹೆಂಡತಿ ಸಿಕ್ಕಿದ್ದು ಶಿಮೆಯ ಪುಣ್ಯ. ನಿನ್ನಣ್ಣ ಫ್ರಾನೆ ಹೋದ ಮೇಲೆ ಅವನು ನನಗೆ ಮಾಡಿದ್ದನ್ನು ನಾನು ಮರೆಯುವುದಿಲ್ಲ. ನಾನು ಆ ಊರು ಬಿಡುವವರೆಗೂ ಸೌದೆ ಒಡೆದುಕೊಟ್ಟ, ಛಾವಣಿ ಸರಿಮಾಡಿಕೊಟ್ಟ. ಒಂದು ದಿನವೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಅಷ್ಟು ದುಃಖ ಅವನಿಗೆ. ತಾನು ದೋಣಿಯಲ್ಲಿರುವಾಗ, ಕಡಲಲ್ಲಿ ಮುಳುಗಿದ್ದ ಜೊತೆಗಾರನನ್ನು ಕಣ್ಣೆದುರೇ ಶಾರ್ಕ್ ಕಚ್ಚಿಕೊಂಡು ಹೋದರೆ ಯಾವ ಗಂಡಸು ತಾಳಿಕೊಳ್ಳುತ್ತಾನೆ?

ಕೆಲವು ಸಲ ನನಗೆ ಯಾರ ಮೇಲಾದರೂ ಸೇಡು ತೀರಿಸಿಕೊಳ್ಳಬೇಕು ಅನ್ನಿಸುತ್ತಿತ್ತು ನೆವೆಂಕಾ. ಆದರೆ ಯಾರ ಮೇಲೆ? ಮೀನಿನ ಮೇಲಾ? ಅದು ತನ್ನ ಹೊಟ್ಟೆಪಾಡು ನೋಡಿಕೊಂಡಿತು. ಹಾಗೆಂದುಕೊಂಡು ಮೂವತ್ತು ವರ್ಷ ಬಾಳಿದೆ. ನೀನೂ ದೇವರ ಮೇಲೆ ಸಿಟ್ಟಾಗಬೇಡ.

ನಿನ್ನ,
ಪೆರಿನಾ


ಪೋರ್ಟ್ ಲಿಂಕನ್
ಮೇ 17, 2009

ಅತ್ತಿಗೆ,

ಬರೆಯಲು ತಡವಾಯಿತು. ಪೀಪಾಯಿಯಿಂದ ಗುಣ ಕಾಣುತ್ತಿದೆ. ಡ್ಯಾರಿಲ್ ಅಂತೂ ಹಿಗ್ಗಿಹೋಗಿದ್ದಾನೆ. ನಾನು ಶಿಮೆಯನ್ನು ಮೊದಲಿಗಿಂತ ಹೆಚ್ಚು ಸಲ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ. ಅವನಿಗೆ ಇಷ್ಟವಿಲ್ಲ, ಕಾರಿನಿಂದ ಇಳಿಯುವುದಿಲ್ಲ ಎಂದು ಹಟ ಮಾಡುತ್ತಾನೆ. ಇಳಿಸುತ್ತೇನೆ.

ನಿನ್ನ ಜೇನನ್ನೂ ತಿನ್ನಿಸುತ್ತಿದ್ದೇನೆ, ಕೊಬ್ಬರಿ ಎಣ್ಣೆಯನ್ನೂ ಕುಡಿಸುತ್ತಿದ್ದೇನೆ. ಇನ್ನೂ ಜೋರಾದದ್ದು ಏನಾದರೂ ಇದ್ದರೆ ತಿಳಿಸು. ಅವನಿಗೆ ನೆನಪು ಬರಲೇಬೇಕು. ಚೂರುಚೂರಾಗಿ ಅಲ್ಲ, ಇಡಿಯಾಗಿ.

ಒಂದು ಮಾತು ಕೇಳಬೇಕು. ಅಣ್ಣ ಹೋದ ದಿನ ನಿನ್ನ ಬಾಗಿಲಿಗೆ ಮೊದಲು ಬಂದವನು ಇವನೇ ಅಲ್ಲವೇ? ಆಗ ಏನು ಹೇಳಿದ? ಒಂದೊಂದು ಮಾತನ್ನೂ ನೆನಪು ಮಾಡಿಕೊಂಡು ಬರೆ. ಯಾಕೆಂದು ಈಗ ಕೇಳಬೇಡ.

ನೆವೆಂಕಾ


ಡಾರ್ಗವಿಲ್
ಜೂನ್ 2, 2009

ಪ್ರೀತಿಯ ನೆವೆಂಕಾ,

ಗಂಡನನ್ನು ಎಂದೂ ಏಕವಚನದಲ್ಲಿ ಕರೆದವಳಲ್ಲ ನೀನು. ಪತ್ರದ ತುಂಬ 'ಅವನು, ಇವನು' ಎಂದಿದೆ. ನೀನು ತುಂಬ ದಣಿದಿದ್ದೀಯ. ಚರ್ಚಿನ ಹೆಂಗಸರು ಯಾರಾದರೂ ಬಂದು ಒಂದು ಹೊತ್ತು ಅವನನ್ನು ನೋಡಿಕೊಂಡರೆ ನೀನು ಸ್ವಲ್ಪ ಮಲಗಬಹುದಲ್ಲ.

ನೀನು ಕೇಳಿದ್ದು ಯಾಕೆಂದು ನನಗೆ ಅರ್ಥವಾಯಿತು. ಹಳೆಯದನ್ನು ಅವನಿಗೆ ಮತ್ತೆ ಹೇಳಿ ನೆನಪು ಕೆದಕಬೇಕೆಂದಿದ್ದೀಯ. ಮೆದುಳಿಗೆ ಅದೂ ಒಂದು ಕಸರತ್ತಂತೆ, ಪತ್ರಿಕೆಯಲ್ಲಿ ಓದಿದ್ದೆ. ನನಗೆ ನೆನಪಿರುವುದು ಇಷ್ಟು. ಅವನು ಒಳಗೆ ಬರಲಿಲ್ಲ. ಮೊದಲು ಅಂಗಳದ ನಲ್ಲಿಯಲ್ಲಿ ಚೂರಿ ತೊಳೆದ. ಕಿಟಕಿಯಿಂದ ನೋಡುತ್ತಿದ್ದೆ. ಬಹಳ ಹೊತ್ತು ತೊಳೆದ. ಶಾರ್ಕಿನ ಜೊತೆ ಹೋರಾಡಿದ್ದಾನೆ ಎಂದುಕೊಂಡೆ. ಆಮೇಲೆ ಬಾಗಿಲಲ್ಲಿ ನಿಂತು, "ಮೀನು ತಗೊಂಡ್ಹೋಯ್ತು ಪೆರಿನಾ. ನಾ ನೋಡ್ತಾನೇ ಇದ್ದೆ. ಏನೂ ಮಾಡಕ್ಕಾಗ್ಲಿಲ್ಲ" ಅಂದ. ಅಷ್ಟೇ.

ಆಕ್ಲೆಂಡಿನಲ್ಲಿ ಗಿಡಮೂಲಿಕೆ ಕೊಡುವವರೊಬ್ಬರಿದ್ದಾರೆ. ಅವರ ಒಂದು ಪುಡಿಯನ್ನು ಈ ಪತ್ರದ ಜೊತೆಗೇ ಕಳಿಸಿದ್ದೇನೆ. ಹಾಲಿನಲ್ಲಿ ಕದಡಿ ಕೊಡು. ಪ್ರೀತಿಯಿಂದ ಕೊಟ್ಟದ್ದು ಹೆಚ್ಚು ಹಿಡಿಯುತ್ತದೆ.

ಪೆರಿನಾ


ಪೋರ್ಟ್ ಲಿಂಕನ್
ಜುಲೈ 20, 2009

ಪೆರಿನಾ,

ಕೂತುಕೊಂಡು ಓದು.

ಏಪ್ರಿಲ್‌ನಲ್ಲಿ ಒಂದು ದಿನ ಡ್ಯಾರಿಲ್ ಪೀಪಾಯಿಯ ಬಾಗಿಲು ಬಿಗಿದು ಗಾಳಿ ಬಿಟ್ಟ. ಗಾಳಿ ನುಗ್ಗುವಾಗ ಒಳಗೆ ಸುಂಯ್ ಎಂದು ಒಂದೇ ಸಮನೆ ಸದ್ದಾಗುತ್ತದೆ. ದೋಣಿಯ ಮೇಲಿನ ಯಂತ್ರದಿಂದ ಮುಳುಗಿದವನಿಗೆ ಪೈಪಿನಲ್ಲಿ ಗಾಳಿ ಹೋಗುವಾಗಲೂ ಅದೇ ಸದ್ದು, ನಿನಗೆ ಗೊತ್ತು. ಒಳಗಿದ್ದ ಇವನು ಇದ್ದಕ್ಕಿದ್ದ ಹಾಗೆ ಗುಂಡು ಕಿಟಕಿಯ ಗಾಜನ್ನು ಗುದ್ದತೊಡಗಿದ. ನಮ್ಮ ಹುಟ್ಟೂರಿನ ಭಾಷೆಯಲ್ಲಿ ಕೂಗುತ್ತಿದ್ದ.

"ಎಳೀತಿದ್ದಾನೆ. ಫ್ರಾನೆ ಪೈಪ್ ಎಳೀತಿದ್ದಾನೆ, ಮೇಲಕ್ಕೆತ್ತು ಅಂತಿದ್ದಾನೆ. ನಾ ಎತ್ತಲ್ಲ. ಮೀನು ದೋಣಿಗೆ ಗುದ್ತಿದೆ. ಕೊಯ್ದುಬಿಟ್ಟೆ. ಪೈಪ್ ಕೊಯ್ದುಬಿಟ್ಟೆ."

ಡ್ಯಾರಿಲ್‌ಗೆ ಒಂದು ಶಬ್ದವೂ ತಿಳಿಯಲಿಲ್ಲ. "ಏನಂತೆ ನೆವೆಂಕಾ?" ಎಂದ.

"ಹಳೇದೇನೋ ನೆನಪಾಯ್ತಂತೆ" ಎಂದೆ.

"ನೋಡಿದ್ರಾ, ನಾನು ಹೇಳಿರ್ಲಿಲ್ವಾ" ಎಂದು ನನ್ನ ಕೈ ಕುಲುಕಿದ. ಗೋಡೆಗೆ ಹಾಕಲು ಎರಡು ಸಾಲು ಬರೆದುಕೊಡಿ ಎಂದ. ಬರೆದುಕೊಟ್ಟೆ: 'ನನ್ನ ಗಂಡನಿಗೆ ನೆನಪು ಬಂತು.' ಸುಳ್ಳೇನಲ್ಲವಲ್ಲ.

ಆಮೇಲೆ ಶಿಮೆಯನ್ನು ಅಲ್ಲಿಗೆ ಎಳೆದೊಯ್ದದ್ದು ವಾಸಿಯಾಗಲಿ ಎಂದಲ್ಲ. ನಿನ್ನ ಜೇನು, ಎಣ್ಣೆ, ಪುಡಿ ಎಲ್ಲವನ್ನೂ ಕೊಟ್ಟದ್ದು ಪ್ರೀತಿಯಿಂದಲ್ಲ. ಸಾಕ್ಷಿ ಹೇಳಿಸಬೇಕಾಗಿತ್ತು. ಆ ಸದ್ದು ಕೇಳಿದಾಗಲೆಲ್ಲ ಒಂದೊಂದು ತುಂಡು ಹೊರಗೆ ಬರುತ್ತಿತ್ತು. ಒಂದು ಸಲ ನೇರವಾಗಿ ಕೇಳಿದೆ, "ಮೀನು ಫ್ರಾನೆ ಹತ್ರ ಹೋಗಿತ್ತಾ?" ಅವನು ತಲೆಯಾಡಿಸಿದ. "ಇಲ್ಲ. ಅದು ನನ್ನ ಹತ್ರ ಬಂತು."

ಶಾರ್ಕ್ ಅಣ್ಣನನ್ನು ಮುಟ್ಟಲೇ ಇಲ್ಲ ಪೆರಿನಾ. ಅದು ದೋಣಿಯ ಸುತ್ತ ತಿರುಗಿತು, ಇವನ ಎದೆ ಒಡೆಯಿತು. ಕೆಳಗಿದ್ದವನನ್ನು ಎತ್ತುವಷ್ಟು ಹೊತ್ತು ನಿಲ್ಲಲಾರದೆ ಪೈಪು ಕೊಯ್ದು ದೋಣಿ ಓಡಿಸಿದ. ಆಮೇಲೆ ನಿನ್ನ ಅಂಗಳದಲ್ಲಿ ಚೂರಿ ತೊಳೆದ. ಪ್ರತಿ ವರ್ಷ ಅಣ್ಣನ ಹೆಸರಿನ ಕಲ್ಲಿನ ಮುಂದೆ ಹೂ ಇಟ್ಟ. ಅವನ ಶರ್ಟಿಗೆ ಇಸ್ತ್ರಿ ಮಾಡಿ ಕಳಿಸುತ್ತಿದ್ದವಳು ನಾನು.

ಈಗ ಪ್ರತಿದಿನ ಬೆಳಿಗ್ಗೆ ಕಾಫಿ ಮುಂದಿಟ್ಟು, ಎದುರು ಕೂತು ಹೇಳುತ್ತೇನೆ: "ಶಿಮೆ, ಫ್ರಾನೆ ಸತ್ತ. ಪೈಪ್ ಕೊಯ್ದೋನು ನೀನು." ಅವನಿಗೆ ಅದು ಪ್ರತಿಸಲವೂ ಹೊಸ ಸುದ್ದಿ. ಮುಖ ಬಿಳಿಚಿಕೊಳ್ಳುತ್ತದೆ. ಮೊದಲು ಇಲ್ಲ ಎನ್ನುತ್ತಾನೆ. ಆಮೇಲೆ ಮೇಜಿನ ಅಂಚು ಹಿಡಿದು ಅಳುತ್ತಾನೆ. ಮಧ್ಯಾಹ್ನಕ್ಕೆ ಎಲ್ಲ ಅಳಿಸಿಹೋಗಿ, ಮೀನಿನ ಸಾರು ಚೆನ್ನಾಗಿದೆ ಎಂದು ಚಪ್ಪರಿಸುತ್ತಾನೆ. ಮರುದಿನ ಮತ್ತೆ ಹೇಳುತ್ತೇನೆ. ಕೋರ್ಟಿಗೆ ಹೋಗಿದ್ದರೆ ಒಂದೇ ಸಲ ಶಿಕ್ಷೆ ಕೊಡುತ್ತಿದ್ದರು. ಡಾಕ್ಟರು ಇದನ್ನು ಶಾಪ ಎಂದುಕೊಂಡಿದ್ದಾರೆ. ನನಗಂತೂ ವರವಾಗಿದೆ.

ಅಳುವಾಗ ಅವನು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಾನೆ. "ಪೆರಿನಾಗೆ ಗೊತ್ತಾ?" ಇಷ್ಟು ದಿನ ಇಲ್ಲ ಎನ್ನಬೇಕಾಗಿತ್ತು. ಅದೊಂದು ಸಮಾಧಾನ ಅವನಿಗೆ ಉಳಿಯುತ್ತಿತ್ತು. ಇನ್ನು ಮೇಲೆ ಗೊತ್ತು ಎನ್ನಬಹುದು. ಅದಕ್ಕೇ ಈ ಪತ್ರ.

ನೆವೆಂಕಾ


ಡಾರ್ಗವಿಲ್
ಆಗಸ್ಟ್ 5, 2009

ನೆವೆಂಕಾ,

ಯಾರನ್ನು ಕೇಳಿ ಅವನಿಗೆ ಹೇಳಿದೆ ನೀನು?

ಏಪ್ರಿಲ್‌ನಲ್ಲಿ ಗೊತ್ತಾಗಿತ್ತು, ಜುಲೈವರೆಗೆ ನನಗೆ ಒಂದು ಮಾತಿಲ್ಲ. ಅಷ್ಟು ದಿನ ದಿನಾ ಬೆಳಿಗ್ಗೆ ನನ್ನ ಗಂಡನ ಸಾವನ್ನು ನಿನ್ನ ಕಾಫಿಗೆ ನೆಂಚಿಕೊಂಡೆ. ನನ್ನ ಕೈಯಿಂದ ಜೇನು ತರಿಸಿಕೊಂಡೆ, ಪುಡಿ ತರಿಸಿಕೊಂಡೆ. ನಾನು ಇಲ್ಲಿ ಕೂತು ಆ ಕೊಲೆಗಾರ ಚೇತರಿಸಿಕೊಳ್ಳಲಿ ಎಂದು ಮೇಣದಬತ್ತಿ ಹಚ್ಚುತ್ತಿದ್ದೆ.

ನಿನಗೆ ಅಣ್ಣ ಹೋದ. ಹೌದು. ನಿನಗೆ ಗಂಡ ಉಳಿದ, ಮನೆ ಉಳಿಯಿತು, ಊರು ಉಳಿಯಿತು. ನನಗೆ ಇಪ್ಪತ್ತೊಂಬತ್ತನೇ ವಯಸ್ಸಿಗೆ ಎಲ್ಲ ಮುಗಿಯಿತು. ಮೀನಿನ ಮೇಲೆ ಸಿಟ್ಟು ಮಾಡಿಕೊಳ್ಳಬಾರದು ಎಂದು ಮನಸ್ಸಿಗೆ ಬುದ್ಧಿ ಹೇಳಿ ಹೇಳಿ ಮುದುಕಿಯಾದೆ. ಆ ಸೇಡು ನನ್ನದು. ನೀನು ಅದನ್ನು ಕೇಳದೆ ತೆಗೆದುಕೊಂಡು ಬಳಸುತ್ತಿದ್ದೀಯ.

ಗೆಣಸಿನ ಸಸಿ ನೆಡುವ ಮೊದಲು ಬರುತ್ತೇನೆ. ನಾನು ಬರುವವರೆಗೂ ಅವನಿಗೆ ಒಂದು ಮಾತು ಹೇಳಕೂಡದು. ನನಗೆ ಗೊತ್ತು ಎಂದೂ ಹೇಳಬೇಡ. ಅದನ್ನು ನಾನೇ ಹೇಳುತ್ತೇನೆ, ಅವನ ಮುಖ ನೋಡುತ್ತಾ.

ಪೆರಿನಾ


ಡಾರ್ಗವಿಲ್
ಅಕ್ಟೋಬರ್ 11, 2009

ನೆವೆಂಕಾ,

ಹೇಳದೆ ಕೇಳದೆ ನಿನ್ನ ಮನೆಯಿಂದ ಹೊರಟುಬಂದೆ. ನೀನು ಅಂಗಡಿಯಿಂದ ಬರುವಷ್ಟರಲ್ಲಿ ನಾನು ವಿಮಾನ ನಿಲ್ದಾಣದಲ್ಲಿದ್ದೆ. ಕಾರಣ ಬರೆಯುತ್ತಿದ್ದೇನೆ. ಇದು ಕ್ಷಮೆ ಕೇಳುವ ಪತ್ರವಲ್ಲ.

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಅವನ ಕಾಲು ಕುಸಿಯಬೇಕು, ಹಾಗೆ ಹೇಳಬೇಕು ಎಂದುಕೊಂಡಿದ್ದೆ. ಮೊದಲ ದಿನ ಅವನು ಕಿಟಕಿಯ ಬಳಿ ಒಣ ಅಂಜೂರ ತಿನ್ನುತ್ತಾ ಹಾಯಾಗಿ ಕೂತಿದ್ದ. ನೀನು ತಟ್ಟೆ ಹಿಡಿದುಕೊಂಡು ಒಳಗೆ ಬಂದೆ. ಅವನು ಕೈಯಲ್ಲಿದ್ದ ಹಣ್ಣು ಬಿಟ್ಟು ಕುರ್ಚಿಯ ಮೂಲೆಗೆ ಮುದುರಿಕೊಂಡ. ಆ ವಾರಗಳಲ್ಲಿ ನೀನು ಅವನಿಗೆ ಏನೂ ಹೇಳಿರಲಿಲ್ಲ, ಮಾತು ಉಳಿಸಿಕೊಂಡಿದ್ದೆ. ಆದರೂ ಮುದುರಿಕೊಂಡ. ಸುದ್ದಿ ಮರೆಯುತ್ತಾನೆ ಎಂದು ನೀನು ಬರೆದಿದ್ದೆ. ಮರೆಯುತ್ತಾನೆ. ಪೆಟ್ಟು ಕೊಟ್ಟ ಕೈ ಯಾರದೆಂದು ಮರೆತಿಲ್ಲ. ಯಾಕೆ ಭಯವೆಂದು ಅವನಿಗೆ ಗೊತ್ತಿಲ್ಲ, ನಿನ್ನನ್ನು ಕಂಡರೆ ಭಯ. ನೋಡಿ ನನಗೆ ಸಂತೋಷವಾಯಿತು. ಮುಚ್ಚಿಡುವುದಿಲ್ಲ.

ಕೊನೆಯ ದಿನ ಅವನನ್ನು ಕಡಲ ದಂಡೆಗೆ ಕರೆದುಕೊಂಡು ಹೋದೆ. ಬೆಂಚಿನ ಮೇಲೆ ಕೂರಿಸಿ ಎದುರು ನಿಂತೆ.

"ನಾನು ಯಾರು ಗೊತ್ತಾ?"

"ಇಲ್ಲಮ್ಮ."

"ಫ್ರಾನೆ ಹೆಂಡ್ತಿ."

ಮೂವತ್ತು ವರ್ಷದಲ್ಲಿ ಮೊದಲ ಸಲ ಅವನು ನನ್ನ ಮುಖವನ್ನು ನೇರವಾಗಿ ನೋಡಿದ. "ಫ್ರಾನೆ ಮನೆಗೆ ಬಂದ್ನಾ?" ಎಂದ.

ಇಲ್ಲ ಎನ್ನಲು ಬಾಯಿ ತೆರೆದೆ. "ಬಂದ" ಎಂದುಬಿಟ್ಟೆ.

"ಚಳಿಯಾಗಿತ್ತಾ ಅವನಿಗೆ?"

"ಆಗಿತ್ತು. ಸಾರು ಕಾಯಿಸಿ ಕೊಟ್ಟೆ. ಕುಡಿದು ಮಲಗಿದ್ದಾನೆ."

ಕನಿಕರದಿಂದ ಹೇಳಿದ್ದಲ್ಲ. ಆ ಮಾತನ್ನು ಒಮ್ಮೆ ಯಾರ ಬಾಯಿಂದಲಾದರೂ ಕೇಳಬೇಕಾಗಿತ್ತು ನನಗೆ. ಬೇರೆ ಯಾರೂ ಹೇಳುವವರಿರಲಿಲ್ಲ, ನಾನೇ ಹೇಳಿಕೊಂಡೆ. ಹೇಳಿದ ಮೇಲೆ ಅವನ ಮುಖ ನೋಡಿದೆ. ನೆವೆಂಕಾ, ಅವನು ನಕ್ಕ. ಮಗುವಿನ ಹಾಗೆ ನಕ್ಕು, ದಾರಿಯುದ್ದಕ್ಕೂ ಸಿಳ್ಳೆ ಹಾಕುತ್ತಾ ಮನೆಗೆ ನಡೆದ. ಅವನಿಗೆ ಎಂದೂ ಸಿಗಬಾರದಾಗಿದ್ದನ್ನು ನಾನು ನನ್ನ ಕೈಯಾರೆ ಕೊಟ್ಟಿದ್ದೆ. ಇನ್ನೊಂದು ಗಳಿಗೆ ನಿಂತಿದ್ದರೆ ಆ ಸಿಳ್ಳೆ ಹಾಕುವ ಬಾಯಿಗೆ ಹೊಡೆದುಬಿಡುತ್ತಿದ್ದೆ. ಅದಕ್ಕೇ ಹೊರಟುಬಂದೆ.

ಇನ್ನು ನಿನ್ನಿಷ್ಟ. ದಿನಾ ಹೇಳು, ಇಲ್ಲವೇ ಬಿಡು. ನಾನು ಬೇಡ ಎನ್ನುವುದಿಲ್ಲ.

ಪೆರಿನಾ


ಪೋರ್ಟ್ ಲಿಂಕನ್
ನವೆಂಬರ್ 22, 2009

ಪೆರಿನಾ ಅತ್ತಿಗೆ,

ನೀನು ಹೋದ ಮೇಲೆ ಅವನು ಎರಡು ದಿನ ಅಂಚೆಯವನಿಗೆ, ಪಕ್ಕದ ಮನೆಯವರಿಗೆ, ನಾಯಿಗೆ, ಎಲ್ಲರಿಗೂ ಫ್ರಾನೆ ಬಂದನಂತೆ ಎಂದು ಹೇಳಿಕೊಂಡು ತಿರುಗಿದ. ಯಾಕೆಂದು ನಿನ್ನ ಪತ್ರ ಬಂದ ಮೇಲೆ ತಿಳಿಯಿತು. ಓದಿ ಮೈಯೆಲ್ಲ ಉರಿಯಿತು. ಮರುದಿನ ಬೆಳಿಗ್ಗೆಯಿಂದ ಮತ್ತೆ ಹೇಳಲು ಶುರುಮಾಡಿದೆ. ಮೊದಲಿಗಿಂತ ಬಿರುಸಾಗಿ ಹೇಳಿದೆ. "ಪೆರಿನಾಗೂ ಗೊತ್ತು" ಎಂದೆ. ನೀನು ಕೊಟ್ಟದ್ದನ್ನು ಚೂರೂ ಉಳಿಯದ ಹಾಗೆ ಕಿತ್ತುಕೊಳ್ಳಬೇಕಾಗಿತ್ತು.

ಈ ನಡುವೆ ಟಂಬಿ ಬೇಯಿಂದ ಒಬ್ಬ ಹೆಂಗಸು ನನ್ನನ್ನು ಹುಡುಕಿಕೊಂಡು ಬಂದಳು. ಗಂಡ ಕಾರಿನಲ್ಲಿ ಕೂತು ಸೀಟುಬೆಲ್ಟನ್ನು ಹಾಕುತ್ತಾ ತೆಗೆಯುತ್ತಾ ಇದ್ದ. ಡ್ಯಾರಿಲ್‌ನ ಗೋಡೆಯಲ್ಲಿ ನನ್ನ ಬರಹ ನೋಡಿದ್ದಳಂತೆ. "ನಿಜವಾಗ್ಲೂ ನೆನಪು ಬರುತ್ತಾ ಅಕ್ಕಾ?" ಎಂದು ಕೇಳಿದಳು. ಮಾರ್ಚ್‌ನಲ್ಲಿ ನನ್ನ ಮುಖವೂ ಹಾಗೇ ಇದ್ದಿರಬೇಕು. "ಇಲ್ಲಮ್ಮ. ಅದು ಬರೀ ಗಾಳಿ. ಮನೆಗೆ ಕರ್ಕೊಂಡು ಹೋಗು, ಇಷ್ಟವಾದ್ದು ಮಾಡಿ ಹಾಕು" ಎಂದೆ. ಅವಳು ನಂಬಲಿಲ್ಲ. ಅದೇ ದಾರಿಯಲ್ಲಿ ಶೆಡ್ಡಿಗೆ ಹೋದಳು.

ಕಳೆದ ಭಾನುವಾರದ್ದನ್ನು ನಿನಗೆ ಹೇಳಬೇಕು. ಚರ್ಚಿನಿಂದ ಬಂದು, ತಲೆಗೆ ಕಟ್ಟಿದ ವಸ್ತ್ರವನ್ನೂ ಬಿಚ್ಚದೆ ಅವನ ಕೋಣೆಗೆ ಹೋದೆ. ಅಂದು ಅವನು ಮುದುರಿಕೊಳ್ಳಲಿಲ್ಲ. ಗುರುತೇ ಸಿಗಲಿಲ್ಲ.

"ಯಾರು ನೀವು?" ಎಂದ.

ಹೆಂಡತಿ ಎನ್ನಲು ನಾಲಿಗೆ ಏಳಲಿಲ್ಲ. "ಫ್ರಾನೆ ತಂಗಿ" ಎಂದೆ.

ಅವನು ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ. ತಾನು ಮಂಚದ ಅಂಚಿನಲ್ಲಿ ಕೂತ. "ನೀವು ಬಂದಿದ್ದು ಒಳ್ಳೇದಾಯ್ತು. ನಿಮಗೊಂದು ಮಾತು ಹೇಳ್ಬೇಕು" ಎಂದ.

ಪೀಪಾಯಿ ಇಲ್ಲ, ಪುಡಿ ಇಲ್ಲ, ನಾನು ಏನೂ ಕೇಳಿರಲಿಲ್ಲ. ಎಲ್ಲವನ್ನೂ ಹೇಳಿದ, ಮೊದಲಿನಿಂದ ಕೊನೆಯವರೆಗೆ, ಒಂದು ಮಾತೂ ತಡವರಿಸದೆ. ನಾನು ಚೂರುಚೂರಾಗಿ ಕಿತ್ತದ್ದರಲ್ಲಿ ಇಲ್ಲದ್ದನ್ನೂ ಹೇಳಿದ. "ದೋಣೀಲಿ ಉಳಿದ ಪೈಪಿನ ತುಂಡಿಂದ ಗಾಳಿ ಬರ್ತಾನೇ ಇತ್ತು. ಗಾಳಿ ಯಂತ್ರ ನಿಲ್ಸೋಕೆ ನನ್ನ ಕೈ ಬರ್ಲಿಲ್ಲ. ನಿಲ್ಸಿದ್ರೆ ಅವನಿಗೆ ಉಸಿರು ಹೋಗುತ್ತೆ ಅನ್ಸ್ತಿತ್ತು. ಬಂದರು ಸೇರೋ ತನಕ ಹಾಗೇ ಬಿಟ್ಟಿದ್ದೆ."

ಬೈಗುಳ ಬರಲಿಲ್ಲ. ಅಳುವೂ ಬರಲಿಲ್ಲ.

"ನನ್ನ ಹೆಂಡ್ತಿಗೆ ಇದನ್ನ ಹೇಳ್ಬೇಡಿ" ಎಂದ. "ಅಣ್ಣ ಅಂದ್ರೆ ಅವಳಿಗೆ ಪ್ರಾಣ. ಗೊತ್ತಾದ್ರೆ ಅವಳು ಉಳಿಯಲ್ಲ."

"ನಿಮ್ಮ ಹೆಂಡ್ತಿ ಎಲ್ಲಿ ಈಗ?"

"ಇಲ್ಲೇ ಎಲ್ಲೋ ಇರ್ಬೇಕು. ಅವಳನ್ನ ನೋಡಿ ತುಂಬಾ ದಿನ ಆಯ್ತು. ಈಗೀಗ ಬೆಳಿಗ್ಗೆ ಇನ್ಯಾರೋ ಒಬ್ಳು ಬರ್ತಾಳೆ, ಕಾಫಿ ತಗೊಂಡು. ಅವಳನ್ನ ಕಂಡ್ರೆ ನನಗೆ ಭಯ." ಸ್ವಲ್ಪ ಮುಂದಕ್ಕೆ ಬಾಗಿ, ದನಿ ತಗ್ಗಿಸಿ ಕೇಳಿದ, "ಅವಳಿಗೆ ಬರ್ಬೇಡ ಅಂತ ಹೇಳ್ತೀರಾ?"

ಅವನು ಕಾಯುತ್ತಾ ಕೂತಿದ್ದ. ಕೊನೆಗೆ, "ಹೇಳ್ತೀನಿ" ಎಂದೆ.

ಅಂದಿನಿಂದ ಅವನಿಗೆ ಆ ಸುದ್ದಿ ಹೇಳಿಲ್ಲ. ಕ್ಷಮಿಸಿದೆನೆಂದು ತಿಳಿಯಬೇಡ. ಎದುರು ಕೂತಾಗ ಪ್ರತಿದಿನ ಆ ಮಾತನ್ನು ನುಂಗಿಕೊಳ್ಳುತ್ತೇನೆ. ಹೇಳುವುದಕ್ಕಿಂತ ಇದು ಕಷ್ಟ. ಈ ಬೆಳಿಗ್ಗೆ ನಾನು ಕಾಫಿ ಒಯ್ದಾಗ ಅವನು ಒಂದಿಷ್ಟು ಹಿಂದೆ ಸರಿದ. ನಾನು ಏನೂ ಹೇಳದಿರುವುದನ್ನು ಕಂಡು ನಿಧಾನವಾಗಿ ಲೋಟ ಎತ್ತಿ ಕುಡಿದ. ಸಕ್ಕರೆ ಕಡಿಮೆ ಎಂದ.

ಇನ್ನೊಂದು ಚಮಚ ಹಾಕಲಿಲ್ಲ. ಅಷ್ಟಾದರೂ ನನಗಿರಲಿ.

ನೆವೆಂಕಾ